ಗೆದ್ದಾಗ ‘ನಾವು’, ತಪ್ಪಿಗೆ ‘ಅವರು’: ಕ್ರೀಡಾಂಗಣಕ್ಕೆ ಚರಿತ್ರೆಯ ನಾಚಿಕೆ ಬರುವುದು ಹೇಗೆ?

2020ರ ನವೆಂಬರ್ 27ರ ಬೆಳಿಗ್ಗೆ ಕೊಪ್ಪಳದ ನಮ್ಮ ಮನೆಯಲ್ಲಿ ಒಗ್ಗರಣೆ–ಮಿರ್ಚಿಯ ತಟ್ಟೆ ಹಿಡಿದು ಎಲ್ಲರೂ ಟಿವಿ ಮುಂದೆ ಕುಳಿತಿದ್ದೆವು. ಕೊರೊನಾದಿಂದ ತಿಂಗಳುಗಟ್ಟಲೆ ನಿಂತುಹೋಗಿದ್ದ ಭಾರತ ಕ್ರಿಕೆಟ್ ತಂಡದ ಆಟ ಅಂದು ಆಸ್ಟ್ರೇಲಿಯಾದ ಸಿಡ್ನಿಯಲ್ಲಿ ಮತ್ತೆ ಶುರುವಾಗುವುದಿತ್ತು. ಮೊದಲ ಚೆಂಡು ಬೀಳುವ ಮುನ್ನ ಎರಡೂ ತಂಡದವರು ಬೂಟು ಕಳಚಿಟ್ಟು, ಬರಿಗಾಲಲ್ಲಿ ಹುಲ್ಲಿನ ಮೇಲೆ ವೃತ್ತವಾಗಿ ನಿಂತರು. ಹತ್ತು ವರ್ಷದ ಅಣ್ಣನ ಮಗ ಕೇಳಿದ: “ಕಾಕಾ, ಅಲ್ಲೇನು ಗುಡಿ ಇದೆಯೇ?”

ಗುಡಿಯಲ್ಲ, ಆ ನೆಲದ ಮೂಲ ನಿವಾಸಿಗಳಿಗೆ ತೋರುವ ಗೌರವ ಎಂದೆ. ಅವರ ಭೂಮಿಯನ್ನು ಹಿಂದೆ ಬ್ರಿಟನ್ನಿನಿಂದ ಬಂದವರು ಕಿತ್ತುಕೊಂಡಿದ್ದರು ಎಂದೂ ಹೇಳಿದೆ. ಅವನು ಸುಮ್ಮನಾಗಲಿಲ್ಲ. “ಕಿತ್ತುಕೊಂಡವರು ಸತ್ತುಹೋಗಿದ್ದಾರಲ್ಲ? ಇವರೇಕೆ ಬೂಟು ಬಿಡಬೇಕು?”

ಅಂದು ನಾನು ಕೊಟ್ಟ ಉತ್ತರ ನನಗೇ ಸಾಲಲಿಲ್ಲ. ಆ ಪ್ರಶ್ನೆ ಈಗ ನಮ್ಮ ಅಂಗಳಕ್ಕೇ ಬರುತ್ತಿದೆ. 2030ರ ಕಾಮನ್‌ವೆಲ್ತ್ ಕ್ರೀಡಾಕೂಟ ಅಹಮದಾಬಾದಿನಲ್ಲಿ ನಡೆಯಲಿದೆ ಎಂದು 2025ರ ನವೆಂಬರ್ 26ರಂದು ಗ್ಲಾಸ್ಗೋದಲ್ಲಿ ತೀರ್ಮಾನವಾಯಿತು. ಅದು ಆ ಕೂಟದ ನೂರನೇ ವರ್ಷ. 1930ರಲ್ಲಿ ಕೆನಡಾದ ಹ್ಯಾಮಿಲ್ಟನ್‌ನಲ್ಲಿ ಅದು ಆರಂಭವಾದಾಗ ಅದರ ಹೆಸರು ಬ್ರಿಟಿಷ್ ಸಾಮ್ರಾಜ್ಯ ಕ್ರೀಡಾಕೂಟ. ಒಂದು ಕಾಲಕ್ಕೆ ಆಳಿದವರೂ ಆಳಿಸಿಕೊಂಡವರೂ ಒಂದೇ ಟ್ರ್ಯಾಕಿನಲ್ಲಿ ಓಡುವ ಈ ಕೂಟವನ್ನು ನೋಡಲಿರುವ ನಮಗೆ, ದೇಶವೊಂದು ತನ್ನ ಚರಿತ್ರೆಗೆ ನಾಚಿಕೊಳ್ಳುವುದು ಎಂದರೇನು, ಅದು ಆಟದ ಮೈದಾನದಲ್ಲೇ ಏಕೆ ಎದ್ದು ಕಾಣುತ್ತದೆ ಎಂಬುದು ತಿಳಿದಿರಬೇಕು.

ದೇಶದ ಉತ್ಸವಮೂರ್ತಿ

ದೇಶ ಎಂಬುದನ್ನು ನಾವು ಕಣ್ಣಾರೆ ನೋಡುವುದು ಅಪರೂಪ. ನಕ್ಷೆಯಲ್ಲಿ ನೋಡುತ್ತೇವೆ, ನೋಟಿನ ಮೇಲೆ ನೋಡುತ್ತೇವೆ. ನಡೆದಾಡುವ, ಬೆವರುವ, ಎಡವಿ ಬೀಳುವ ದೇಶ ಕಾಣಸಿಗುವುದು ಆಟದಲ್ಲಿ ಮಾತ್ರ. ನಮ್ಮ ಕಡೆಯ ಗುಡಿಗಳಲ್ಲಿ ಮೂಲಮೂರ್ತಿ ಗರ್ಭಗುಡಿ ಬಿಟ್ಟು ಕದಲುವುದಿಲ್ಲ. ಜಾತ್ರೆಯ ದಿನ ಉತ್ಸವಮೂರ್ತಿ ಹೊರಗೆ ಬರುತ್ತದೆ, ಊರೆಲ್ಲ ಅದಕ್ಕೆ ಉತ್ತತ್ತಿ, ಬಾಳೆಹಣ್ಣು ಎಸೆಯುತ್ತದೆ. ರಾಷ್ಟ್ರೀಯ ತಂಡ ದೇಶದ ಉತ್ಸವಮೂರ್ತಿ ಇದ್ದಂತೆ. ಒಂದೇ ಬಣ್ಣದ ಅಂಗಿ, ಬಾವುಟ, ರಾಷ್ಟ್ರಗೀತೆ ಎಲ್ಲವೂ ಸೇರಿ ಹನ್ನೊಂದು ಜನರ ಮೇಲೆ ಕೋಟಿಗಟ್ಟಲೆ ಜನರ ಭಾರ ಕೂರುತ್ತದೆ.

ಆ ಬಾವುಟಕ್ಕೂ ಆ ಹಾಡಿಗೂ ಹಳೆಯ ನೆನಪುಗಳಿವೆ. ಒಬ್ಬರಿಗೆ ಬಿಡುಗಡೆಯ ಗುರುತಾದ ಬಾವುಟ ಮತ್ತೊಬ್ಬರಿಗೆ ಮನೆ ಸುಟ್ಟ ಸೈನ್ಯದ ಗುರುತಾಗಿರಬಹುದು. ಆಟ ಶುರುವಾಗುವ ಮುಂಚಿನ ಎರಡು ನಿಮಿಷಗಳಲ್ಲಿ ಇಷ್ಟೆಲ್ಲ ಒಟ್ಟಿಗೆ ಎದ್ದು ಬರುತ್ತದೆ.

‘ನಾವು’ ಎಂಬ ಮಾತಿನ ಗುಟ್ಟು

1983ರಲ್ಲಿ ನಾವು ವಿಶ್ವಕಪ್ ಗೆದ್ದೆವು ಎಂದು ನನ್ನ ಅಣ್ಣನ ಮಗ ಎದೆಯುಬ್ಬಿಸಿ ಹೇಳುತ್ತಾನೆ. ಕಪಿಲ್ ದೇವ್ ಲಾರ್ಡ್ಸ್‌ನಲ್ಲಿ ಕಪ್ ಎತ್ತಿ ಹಿಡಿದಾಗ ಅವನ ಅಪ್ಪನೇ ಇನ್ನೂ ಶಾಲೆಗೆ ಹೋಗುವ ಹುಡುಗ. ಆದರೂ ‘ನಾವು’ ಎನ್ನುತ್ತಾನೆ, ಯಾರೂ ಅವನನ್ನು ತಿದ್ದುವುದಿಲ್ಲ. ತಾನು ಹುಟ್ಟುವ ಮೊದಲಿನ ಗೆಲುವನ್ನು ತನ್ನದೆಂದುಕೊಳ್ಳುವುದು ನಮಗೆ ಅಷ್ಟು ಸಹಜ.

ಮನಶ್ಶಾಸ್ತ್ರಜ್ಞ ರಾಬರ್ಟ್ ಚಾಲ್ಡೀನಿ ಮತ್ತು ಸಂಗಡಿಗರು 1976ರಲ್ಲಿ ಪ್ರಕಟಿಸಿದ ಅಧ್ಯಯನವೊಂದು ಇದನ್ನು ಚೆನ್ನಾಗಿ ಬಿಡಿಸಿ ತೋರಿಸುತ್ತದೆ. ಅಮೆರಿಕದ ವಿಶ್ವವಿದ್ಯಾಲಯಗಳಲ್ಲಿ ವಾರಾಂತ್ಯದ ಫುಟ್‌ಬಾಲ್ ಪಂದ್ಯ ಗೆದ್ದರೆ, ಸೋಮವಾರ ವಿಶ್ವವಿದ್ಯಾಲಯದ ಹೆಸರಿರುವ ಬಟ್ಟೆ ತೊಟ್ಟು ಬರುವ ವಿದ್ಯಾರ್ಥಿಗಳ ಸಂಖ್ಯೆ ಹೆಚ್ಚುತ್ತಿತ್ತು. ಪಂದ್ಯದ ಬಗ್ಗೆ ಫೋನ್ ಮಾಡಿ ಕೇಳಿದಾಗ, ಗೆದ್ದಿದ್ದರೆ “ನಾವು ಗೆದ್ದೆವು” ಎನ್ನುವ ಮಾತು ಹೆಚ್ಚು; ಸೋತಿದ್ದರೆ “ಅವರು ಸೋತರು”. ಬೇರೆಯವರ ಕೀರ್ತಿಯ ಬಿಸಿಲಿಗೆ ನಾವು ಮೈಯೊಡ್ಡಿ ಕೂರುತ್ತೇವೆ, ಮೋಡ ಕವಿದರೆ ಎದ್ದು ಹೋಗುತ್ತೇವೆ.

ಚರಿತ್ರೆಯ ನಾಚಿಕೆ ಹುಟ್ಟುವುದು ಇದೇ ‘ನಾವು’ ಎಂಬಲ್ಲಿ. ಹಿರಿಯರ ಗೆಲುವು ‘ನಮ್ಮದು’ ಎನ್ನುವ ಬಾಯಿಯೇ ಹಿರಿಯರ ತಪ್ಪು ‘ಅವರದು’ ಎಂದರೆ ಲೆಕ್ಕ ಹೊಂದುವುದಿಲ್ಲ. ಲೆಕ್ಕ ಹೊಂದುವುದಿಲ್ಲ ಎಂಬ ಈ ಕಸಿವಿಸಿಗೆ ‘ರಾಷ್ಟ್ರೀಯ ನಾಚಿಕೆ’ ಎಂಬ ದೊಡ್ಡ ಹೆಸರಿದೆ.

ತಪ್ಪು ಬೇರೆ, ನಾಚಿಕೆ ಬೇರೆ, ಹೊಣೆ ಬೇರೆ

ಗೊಂದಲವೆಲ್ಲ ಮೂರು ಪದಗಳನ್ನು ಒಂದೇ ಎಂದು ಹಿಡಿಯುವುದರಿಂದ ಬರುತ್ತದೆ. ನಮ್ಮ ತಹಶೀಲ್ದಾರ್ ಕಚೇರಿಯ ಪಹಣಿಯನ್ನೇ ತೆಗೆದುಕೊಳ್ಳಿ. ತಂದೆ ತೀರಿಕೊಂಡರೆ ಮಕ್ಕಳು ಪೌತಿ ಖಾತೆ ಮಾಡಿಸಿಕೊಳ್ಳುತ್ತಾರೆ. ಹೊಲ ಮಕ್ಕಳ ಹೆಸರಿಗೆ ಬರುತ್ತದೆ. ಹೊಲದೊಂದಿಗೆ ಪಹಣಿಯ 11ನೇ ಕಾಲಂನಲ್ಲಿರುವ ಬೋಜಾ ಸಹ, ಅಂದರೆ ಸೊಸೈಟಿಯಿಂದಲೋ ಬ್ಯಾಂಕಿನಿಂದಲೋ ತಂದೆ ತೆಗೆದ ಸಾಲದ ದಾಖಲೆಯೂ ಬರುತ್ತದೆ. ಸಾಲ ಮಾಡಿದವನು ನಾನಲ್ಲ ಎಂದು ಮಗ ಹೇಳಬಹುದು, ಅದು ನಿಜವೂ ಹೌದು. ಆದರೆ ಹೊಲ ಬೇಕು, ಬೋಜಾ ಬೇಡ ಎನ್ನಲು ಬರುವುದಿಲ್ಲ.

ಅದೇ ತಂದೆ ಕಳವು ಮಾಡಿದ್ದರೆ? ಆ ಶಿಕ್ಷೆ ಮಗನಿಗೆ ಆಗದು. ತಪ್ಪು ಮಾಡಿದವನ ಜೊತೆಗೇ ಸುಡುಗಾಡಿಗೆ ಹೋಗುತ್ತದೆ. ಉಳಿಯುವುದು ಸಾಲ. ಆ ಸಾಲವೂ ಮಗನಿಗೆ ಬಂದ ಆಸ್ತಿಯ ಮಟ್ಟಿಗಷ್ಟೇ. ಏನೂ ಪಡೆಯದ ಮಗನ ಮೇಲೆ ಏನೂ ಬೀಳುವುದಿಲ್ಲ.

ಎರಡನೇ ಮಹಾಯುದ್ಧ ಮುಗಿದ ಬೆನ್ನಿಗೆ ಜರ್ಮನಿಯ ತತ್ತ್ವಜ್ಞಾನಿ ಕಾರ್ಲ್ ಯಾಸ್ಪರ್ಸ್ ಹೈಡಲ್‌ಬರ್ಗ್‌ನಲ್ಲಿ ಕೊಟ್ಟ ಉಪನ್ಯಾಸಗಳಲ್ಲಿ ಇಂಥದೇ ಬೇರ್ಪಡಿಕೆ ಮಾಡಿದರು. ಕಾನೂನಿನ ಕಣ್ಣಿನಲ್ಲಿ ಅಪರಾಧ ಕೃತ್ಯ ಎಸಗಿದ ವ್ಯಕ್ತಿಯದು ಮಾತ್ರ. ಇಡೀ ಜನಾಂಗವನ್ನು ಅಪರಾಧಿ ಎನ್ನಲಾಗದು. ಆದರೆ ದೇಶದ ಹೆಸರಿನಲ್ಲಿ ನಡೆದದ್ದರ ರಾಜಕೀಯ ಹೊಣೆಯನ್ನು ಪ್ರಜೆಗಳು ಹೊರಬೇಕು. ಪ್ರತಿಯೊಬ್ಬನೂ ತನ್ನ ಮನಸ್ಸಾಕ್ಷಿಯ ಎದುರು ನಿಂತು ಕೇಳಿಕೊಳ್ಳಬೇಕಾದದ್ದು ಮತ್ತೊಂದು. ಮನುಷ್ಯರಾಗಿ ಮನುಷ್ಯರಿಗೆ ಆದದ್ದನ್ನು ನೋಡಿಯೂ ಬದುಕುಳಿದ ಸಂಕಟ ಇನ್ನೊಂದು. ಯಾಸ್ಪರ್ಸ್ ಅವರ ಹೆಂಡತಿ ಯಹೂದಿ. ಹಾಗಾಗಿ ಅವರ ಪಾಲಿಗೆ ಇದು ಬರೀ ತರಗತಿಯ ಪಾಠವಾಗಿರಲಿಲ್ಲ.

ನಾಚಿಕೆ ಎಂಬುದು ಈ ಹೊಣೆಯ ಅರಿವು ಮೈಗೆ ತಟ್ಟಿದಾಗ ಆಗುವ ಅನುಭವ. ನಮ್ಮ ಮನೆಯವರೊಬ್ಬರು ಸಂತೆಯಲ್ಲಿ ಬಡವನೊಬ್ಬನ ಮೇಲೆ ಕೈ ಮಾಡಿದರೆ, ಹೊಡೆದವರು ನಾವಲ್ಲದಿದ್ದರೂ ತಲೆ ತಗ್ಗುತ್ತದೆ. ಅಪರಿಚಿತನೊಬ್ಬ ಹೊಡೆದರೆ ಸಿಟ್ಟು ಬರುತ್ತದೆಯೇ ಹೊರತು ನಾಚಿಕೆಯಾಗುವುದಿಲ್ಲ. ನಂಟು ಇದ್ದಲ್ಲಿ ಮಾತ್ರ ನಾಚಿಕೆ. ದೇಶದ ಬಗ್ಗೆ ನಾಚುವವನು ದೇಶವನ್ನು ಪರಕೀಯವೆಂದು ಎಣಿಸಿಲ್ಲ ಎಂಬುದಕ್ಕೆ ಅದೇ ಪುರಾವೆ.

ಬರಿಗಾಲು, ಬೆಲ್ಟು ಮತ್ತು ರಾಷ್ಟ್ರಗೀತೆಯ ಒಂದು ಪದ

ಈಗ ಆ ಸಿಡ್ನಿಯ ಬೆಳಗಿಗೆ ಮರಳೋಣ. ನಮ್ಮಲ್ಲಿ ಬಹಳ ಜನ ಆ ಪ್ರವಾಸವನ್ನು ನೋಡಿದ್ದಾರೆ. ಅಡಿಲೇಡ್‌ನಲ್ಲಿ ಭಾರತ 36 ರನ್‌ಗಳಿಗೆ ಕುಸಿದದ್ದು, ಬ್ರಿಸ್ಬೇನ್‌ನ ಗಾಬಾ ಮೈದಾನದಲ್ಲಿ ಗೆದ್ದುಬಂದದ್ದು ಎಲ್ಲರ ನೆನಪಿನಲ್ಲಿದೆ. ಅದರೊಳಗೆ ಮತ್ತೊಂದು ಕಥೆ ಹರಿಯುತ್ತಿದ್ದುದನ್ನು ನಾವು ಗಮನಿಸಿದ್ದು ಕಡಿಮೆ.

1788ರ ಜನವರಿ 26ರಂದು ಬ್ರಿಟನ್ನಿನ ಹಡಗುಗಳು ಸಿಡ್ನಿಯಲ್ಲಿ ಲಂಗರು ಹಾಕಿ ವಸಾಹತು ಹೂಡಿದವು. ಅಲ್ಲಿ ಹತ್ತಾರು ಸಾವಿರ ವರ್ಷಗಳಿಂದ ಬಾಳುತ್ತಿದ್ದ ಮೂಲ ನಿವಾಸಿಗಳ ನೆಲ ಹೋಯಿತು. ರೋಗ ಮತ್ತು ಕೊಲೆಗಳಿಂದ ಜನ ಕರಗಿದರು. ಇಪ್ಪತ್ತನೇ ಶತಮಾನದಲ್ಲಂತೂ ದಶಕಗಳ ಕಾಲ ಅವರ ಮಕ್ಕಳನ್ನು ತಾಯಂದಿರ ಮಡಿಲಿನಿಂದ ಕಿತ್ತು ಸರ್ಕಾರಿ ಪಾಲನಾಗೃಹಗಳಿಗೂ ಬಿಳಿಯರ ಮನೆಗಳಿಗೂ ಸೇರಿಸಲಾಯಿತು. ಹೀಗೆ ಬೆಳೆದವರನ್ನು ‘ಕದ್ದೊಯ್ದ ಪೀಳಿಗೆಗಳು’ ಎನ್ನುತ್ತಾರೆ. 2008ರ ಫೆಬ್ರುವರಿ 13ರಂದು ಪ್ರಧಾನಿ ಕೆವಿನ್ ರಡ್ ಸಂಸತ್ತಿನಲ್ಲಿ ನಿಂತು ಅವರ ಕ್ಷಮೆ ಕೇಳಿದರು. ಜನವರಿ 26 ನಮಗೆ ಗಣರಾಜ್ಯೋತ್ಸವ, ಆಸ್ಟ್ರೇಲಿಯಾಕ್ಕೂ ಅಂದೇ ರಾಷ್ಟ್ರೀಯ ದಿನ; ಅಲ್ಲಿನ ಮೂಲ ನಿವಾಸಿಗಳಲ್ಲಿ ಅನೇಕರು ಅದನ್ನು ಆಕ್ರಮಣದ ದಿನ ಎಂದು ಕರೆಯುತ್ತಾರೆ.

ಬರಿಗಾಲಿನ ವೃತ್ತ ಈ ಹಿನ್ನೆಲೆಯದು. ನೆಲವನ್ನು ಮೂಲ ನಿವಾಸಿಗಳು ಆಸ್ತಿಯೆಂದು ಕಾಣುವುದಿಲ್ಲ, ಹೆತ್ತವಳೆಂದು ಕಾಣುತ್ತಾರೆ. ನಡುವೆ ಚರ್ಮದ ಅಡ್ಡಿಯಿಲ್ಲದೆ ನೆಲವನ್ನು ಮುಟ್ಟಿ ನಿಲ್ಲುವುದು ಆ ಸಂಬಂಧವನ್ನು ಒಪ್ಪಿಕೊಳ್ಳುವ ರೀತಿ. ಗುಡಿ ಇದೆಯೇ ಎಂದು ಕೇಳಿದ ಹುಡುಗ ತೀರಾ ತಪ್ಪಾಗಿ ಕೇಳಿರಲಿಲ್ಲ.

ಮುಂದಿನ ತಿಂಗಳು ಮೆಲ್ಬರ್ನ್‌ನಲ್ಲಿ ಅಜಿಂಕ್ಯ ರಹಾನೆ 112 ರನ್ ಹೊಡೆದು ಭಾರತವನ್ನು ಗೆಲ್ಲಿಸಿದರು, ಪಂದ್ಯಶ್ರೇಷ್ಠರಾಗಿ ಮುಲ್ಲಾ ಪದಕ ಪಡೆದರು. ಆ ಪದಕವನ್ನು ಪಡೆದ ಮೊದಲಿಗರು ಅವರೇ. ಜಾನಿ ಮುಲ್ಲಾ 1868ರಲ್ಲಿ ಇಂಗ್ಲೆಂಡಿಗೆ ಹೋದ ಆಸ್ಟ್ರೇಲಿಯಾ ತಂಡದ ಪ್ರಮುಖ ಆಟಗಾರ. ಆ ನೆಲದಿಂದ ಹೊರದೇಶಕ್ಕೆ ಹೋದ ಮೊದಲ ಕ್ರಿಕೆಟ್ ತಂಡ ಅದು, ಅದರ ಆಟಗಾರರು ಹೆಚ್ಚುಕಡಿಮೆ ಎಲ್ಲರೂ ಮೂಲ ನಿವಾಸಿಗಳು. ಅವರು ಅಲ್ಲಿ 47 ಪಂದ್ಯ ಆಡಿ 14ರಲ್ಲಿ ಗೆದ್ದರು. ಆ ತಂಡದವರು ಕಟ್ಟಿದ್ದ ಬೆಲ್ಟಿನ ಬಿಲ್ಲೆಯ ಮಾದರಿಯಲ್ಲೇ ಈ ಪದಕವನ್ನು ಮಾಡಿದ್ದಾರೆ. ಒಂದೂವರೆ ಶತಮಾನ ಮೂಲೆಯಲ್ಲಿದ್ದ ಹೆಸರು ರಹಾನೆಯವರ ಕೊರಳಲ್ಲಿ ಹೊಳೆಯಿತು.

ಇನ್ನು ಪದದ ಕಥೆ. ಆಸ್ಟ್ರೇಲಿಯಾದ ರಾಷ್ಟ್ರಗೀತೆಯಲ್ಲಿ ‘ನಾವು ಎಳೆಯರು, ಸ್ವತಂತ್ರರು’ ಎಂಬ ಅರ್ಥದ ಸಾಲಿತ್ತು. ಎಳೆಯ ದೇಶ ಎಂದರೆ 1788ಕ್ಕೆ ಹಿಂದೆ ಅಲ್ಲಿ ಯಾರೂ ಇರಲಿಲ್ಲ ಎಂದಂತೆ. 2021ರ ಜನವರಿ 1ರಿಂದ ಅದು ‘ನಾವು ಒಂದು, ಸ್ವತಂತ್ರರು’ ಎಂದಾಯಿತು. ಆರು ದಿನಗಳ ನಂತರ ಸಿಡ್ನಿ ಟೆಸ್ಟ್ ಶುರುವಾಯಿತು. ನಮ್ಮ ರಾಷ್ಟ್ರಗೀತೆ ಮೊಳಗುವಾಗ, ಸುಮಾರು ಏಳು ವಾರಗಳ ಹಿಂದೆ ತಂದೆಯನ್ನು ಕಳೆದುಕೊಂಡಿದ್ದ ಹೈದರಾಬಾದಿನ ಮೊಹಮ್ಮದ್ ಸಿರಾಜ್ ಕಣ್ಣೊರೆಸಿಕೊಂಡರು. ಅದೇ ಸಿರಾಜ್‌ಗೆ ಅದೇ ಮೈದಾನದಲ್ಲಿ ಪ್ರೇಕ್ಷಕರ ಗುಂಪೊಂದು ಜನಾಂಗೀಯ ನಿಂದನೆ ಮಾಡಿತು. ಆಟ ಕೆಲವು ನಿಮಿಷ ನಿಂತಿತು, ಆರು ಜನರನ್ನು ಹೊರಗೆ ಕಳಿಸಲಾಯಿತು. ನಿಂದನೆ ನಡೆದದ್ದು ನಿಜವೆಂದು ಆಸ್ಟ್ರೇಲಿಯಾದ ಕ್ರಿಕೆಟ್ ಮಂಡಳಿ ತನಿಖೆಯ ನಂತರ ಒಪ್ಪಿಕೊಂಡಿತು.

ಪದ ಬದಲಿಸಿದ ಮಾತ್ರಕ್ಕೆ ಮನಸ್ಸು ಬದಲಾಗುವುದಿಲ್ಲ ಎಂದು ಇದರಿಂದ ಯಾರಾದರೂ ಹೇಳಿದರೆ ಅಲ್ಲಗಳೆಯಲಾರೆ. 2023ರ ಅಕ್ಟೋಬರಿನಲ್ಲಿ ಮೂಲ ನಿವಾಸಿಗಳಿಗೆ ಸಂಸತ್ತಿಗೆ ಸಲಹೆ ನೀಡುವ ಮಂಡಳಿಯೊಂದನ್ನು ಸಂವಿಧಾನದಲ್ಲಿ ಸೇರಿಸಲು ಜನಮತ ಕೇಳಿದಾಗ ಸುಮಾರು ಶೇಕಡ 60 ಮತದಾರರು ಬೇಡವೆಂದರು. ಆದರೂ ದೂರ ಕ್ರಮಿಸಿದ್ದು ಸುಳ್ಳಲ್ಲ. 1994ರ ಕಾಮನ್‌ವೆಲ್ತ್ ಕೂಟದಲ್ಲಿ ಓಟ ಗೆದ್ದ ಕ್ಯಾತಿ ಫ್ರೀಮನ್ ಮೂಲ ನಿವಾಸಿಗಳ ಬಾವುಟ ಹಿಡಿದು ಮೈದಾನ ಸುತ್ತಿದ್ದಕ್ಕೆ ಸ್ವಂತ ತಂಡದ ಮುಖ್ಯಸ್ಥರಿಂದಲೇ ಬೈಸಿಕೊಂಡರು. ಆರು ವರ್ಷಗಳ ನಂತರ ಸಿಡ್ನಿ ಒಲಿಂಪಿಕ್ಸ್‌ನ ಜ್ಯೋತಿ ಬೆಳಗಿಸಿದ್ದು ಅವರೇ. 400 ಮೀಟರ್ ಓಟದ ಚಿನ್ನ ಗೆದ್ದು, ಎರಡೂ ಬಾವುಟಗಳನ್ನು ಹಿಡಿದು ಬರಿಗಾಲಲ್ಲಿ ಸುತ್ತು ಬಂದಾಗ ಇಡೀ ಕ್ರೀಡಾಂಗಣ ಎದ್ದು ನಿಂತಿತ್ತು. ಅವರ ಅಜ್ಜಿ ಕದ್ದೊಯ್ದ ಪೀಳಿಗೆಯವರು.

ಬಾವುಟ ಹಿಡಿಯಲು ಅಳುಕಿದ ದೇಶ

ಜರ್ಮನ್ ಭಾಷೆಯಲ್ಲಿ ‘ಫೆರ್ಗಾಂಗೆನ್‌ಹೈಟ್ಸ್‌ಬೆವೆಲ್ಟಿಗುಂಗ್’ ಎಂಬ ಉದ್ದದ ಪದವಿದೆ: ಕಳೆದುಹೋದ ಕಾಲದೊಂದಿಗೆ ಸೆಣಸಿ ಅದನ್ನು ನಿಭಾಯಿಸುವುದು. ಇದಕ್ಕೆಂದೇ ಒಂದು ಪದ ಬೇಕಾದದ್ದು ಏಕೆಂದರೆ ನಾಜಿ ಆಡಳಿತ ಸುಮಾರು 60 ಲಕ್ಷ ಯಹೂದಿಗಳನ್ನು ಕೊಂದಿತ್ತು.

1948ರ ಲಂಡನ್ ಒಲಿಂಪಿಕ್ಸ್‌ಗೆ ಜರ್ಮನಿಯನ್ನೂ ಜಪಾನನ್ನೂ ಕರೆಯಲಿಲ್ಲ. 1954ರಲ್ಲಿ ಪಶ್ಚಿಮ ಜರ್ಮನಿ ಸ್ವಿಟ್ಜರ್‌ಲೆಂಡಿನ ಬರ್ನ್‌ನಲ್ಲಿ ಹಂಗೆರಿಯನ್ನು 3–2ರಿಂದ ಸೋಲಿಸಿ ಫುಟ್‌ಬಾಲ್ ವಿಶ್ವಕಪ್ ಗೆದ್ದಿತು. ಸಂಭ್ರಮದಲ್ಲಿ ಅಲ್ಲಿದ್ದ ಜರ್ಮನ್ ಪ್ರೇಕ್ಷಕರು ರಾಷ್ಟ್ರಗೀತೆಯ ಮೊದಲ ಚರಣ ಹಾಡಿಬಿಟ್ಟರು. ಎಲ್ಲಕ್ಕಿಂತ ಮೇಲೆ ಜರ್ಮನಿ ಎನ್ನುವ ಆ ಚರಣ ನಾಜಿಗಳ ಬಾಯಲ್ಲಿ ಸವೆದದ್ದು. ಸರ್ಕಾರಿ ಸಮಾರಂಭಗಳಲ್ಲಿ ಮೂರನೇ ಚರಣವನ್ನಷ್ಟೇ ಹಾಡಬೇಕೆಂದು 1952ರಲ್ಲೇ ತೀರ್ಮಾನವಾಗಿತ್ತು. ನೆರೆಯ ದೇಶಗಳ ಜನ ಬೆಚ್ಚಿದರು. 1956ರಿಂದ 1964ರವರೆಗೆ ಪೂರ್ವ, ಪಶ್ಚಿಮ ಜರ್ಮನಿಗಳು ಒಂದೇ ತಂಡವಾಗಿ ಒಲಿಂಪಿಕ್ಸ್‌ಗೆ ಹೋದಾಗ ಚಿನ್ನ ಗೆದ್ದವರಿಗೆ ರಾಷ್ಟ್ರಗೀತೆಯ ಬದಲು ಬೀಥೋವನ್ನರ ಒಂಬತ್ತನೇ ಸಿಂಫನಿಯ ಆನಂದಗೀತೆ ನುಡಿಸುತ್ತಿದ್ದರು.

ಮುಂದೆ ಅಲ್ಲಿನ ಸಾಮಾನ್ಯ ಜನ ಬಾವುಟ ಬೀಸುವುದೆಂದರೆ ಹಿಂಜರಿಯುವಂತಾಯಿತು. ನಮ್ಮಲ್ಲಿ ಆಟೊದ ಮೇಲೂ ಬಾವುಟ ಕಟ್ಟುತ್ತೇವೆ. ಅವರು ಕಿಟಕಿಗೆ ಕಟ್ಟಿದರೆ ನೆರೆಯವರು ಏನೆಂದುಕೊಳ್ಳುತ್ತಾರೋ ಎಂದು ಯೋಚಿಸುತ್ತಿದ್ದರು. 2006ರಲ್ಲಿ ವಿಶ್ವಕಪ್ ಜರ್ಮನಿಯಲ್ಲೇ ನಡೆದಾಗ ಆ ಹಿಂಜರಿಕೆ ಸಡಿಲವಾಯಿತು. ಕಪ್ಪು, ಕೆಂಪು, ಹೊನ್ನ ಬಣ್ಣದ ಬಾವುಟಗಳು ಬೀದಿ ತುಂಬಿದವು. ಸೆಮಿಫೈನಲ್‌ನಲ್ಲಿ ಇಟಲಿಗೆ ಸೋತರೂ ಆ ತಿಂಗಳನ್ನು ಅವರು ಬೇಸಿಗೆಯ ಕಿನ್ನರಕಥೆ ಎಂದು ನೆನೆಯುತ್ತಾರೆ. ಫೈನಲ್ ನಡೆದದ್ದು 1936ರ ಒಲಿಂಪಿಕ್ಸ್‌ಗೆಂದು ಹಿಟ್ಲರನ ಕಾಲದಲ್ಲಿ ಕಟ್ಟಿದ ಬರ್ಲಿನ್ ಕ್ರೀಡಾಂಗಣದಲ್ಲೇ. ಇದನ್ನು ಗಾಯ ಮಾಗಿದ ಗುರುತು ಎಂದವರಿದ್ದಾರೆ, ಮರೆವು ಆರಂಭವಾಯಿತೇ ಎಂದು ಆತಂಕಪಟ್ಟವರೂ ಇದ್ದಾರೆ. ಆ ಚರ್ಚೆ ಅಲ್ಲಿ ಇನ್ನೂ ಮುಗಿದಿಲ್ಲ.

ನಾಚಿಕೆ ಹೊರಗಿನಿಂದ ಬಂದಾಗ

ಆಸ್ಟ್ರೇಲಿಯಾದ ಬರಿಗಾಲು ಒಳಗಿನಿಂದ ಬಂದದ್ದು. ದಕ್ಷಿಣ ಆಫ್ರಿಕಾಕ್ಕೆ ಹೊರಗಿನ ಜಗತ್ತು ಬಹಿಷ್ಕಾರದ ಮೂಲಕ ಮುಟ್ಟಿಸಬೇಕಾಯಿತು. ಬಿಳಿಯರಿಗೊಂದು, ಕರಿಯರಿಗೊಂದು ಕಾನೂನು ಮಾಡಿದ್ದ ಆ ದೇಶವನ್ನು 1964ರ ಟೋಕಿಯೊ ಒಲಿಂಪಿಕ್ಸ್‌ನಿಂದ ದೂರವಿಟ್ಟರು. 1970ರಲ್ಲಿ ಒಲಿಂಪಿಕ್ ಸಮಿತಿಯಿಂದಲೇ ಉಚ್ಚಾಟಿಸಿದರು.

ಇದರಲ್ಲಿ ಭಾರತದ ಪಾತ್ರ ದೊಡ್ಡದು. 1946ರಲ್ಲಿ ಆ ದೇಶದೊಂದಿಗಿನ ವ್ಯಾಪಾರವನ್ನು ಕಡಿದುಕೊಂಡ ಮೊದಲ ದೇಶ ನಮ್ಮದು. 1974ರಲ್ಲಿ ಅಮೃತರಾಜ್ ಸಹೋದರರಿದ್ದ ಭಾರತ ತಂಡ ಡೇವಿಸ್ ಕಪ್ ಟೆನಿಸ್‌ನ ಫೈನಲ್ ತಲುಪಿತು. ಎದುರಾಳಿ ದಕ್ಷಿಣ ಆಫ್ರಿಕಾ. ಗೆಲ್ಲುವ ಅವಕಾಶವಿತ್ತು. ಆದರೂ ಸರ್ಕಾರ ಆಡುವುದಿಲ್ಲ ಎಂದಿತು, ಕಪ್ ಅವರ ಪಾಲಾಯಿತು. ನಮ್ಮ ಹುಡುಗರಿಗೆ ಗೆದ್ದ ಪಂದ್ಯಗಳ ಪಟ್ಟಿ ಬಾಯಿಪಾಠವಿರುತ್ತದೆ. ಆಡದೆ ಬಿಟ್ಟುಕೊಟ್ಟ ಈ ಪಂದ್ಯವೂ ಆ ಪಟ್ಟಿಯಲ್ಲಿರಬೇಕೆಂದು ನನಗೆ ತುಂಬ ಆಸೆ.

ಬಹಿಷ್ಕಾರ ಸಡಿಲವಾದ ಮೇಲೆ ದಕ್ಷಿಣ ಆಫ್ರಿಕಾ ಮೊದಲ ಅಂತರರಾಷ್ಟ್ರೀಯ ಏಕದಿನ ಪಂದ್ಯ ಆಡಿದ್ದು 1991ರ ನವೆಂಬರ್ 10ರಂದು, ಕೋಲ್ಕತ್ತದ ಈಡನ್ ಗಾರ್ಡನ್ಸ್‌ನಲ್ಲಿ. 1995ರಲ್ಲಿ ರಗ್ಬಿ ವಿಶ್ವಕಪ್ ಫೈನಲ್‌ನಲ್ಲಿ ನೆಲ್ಸನ್ ಮಂಡೇಲಾ 6ನೇ ನಂಬರಿನ ಹಸಿರು ಅಂಗಿ ತೊಟ್ಟು ಬಂದರು. ಅದರ ಮೇಲಿದ್ದ ಸ್ಪ್ರಿಂಗ್‌ಬಾಕ್ ಜಿಂಕೆ ಕರಿಯರ ಪಾಲಿಗೆ ದಬ್ಬಾಳಿಕೆಯ ಗುರುತಾಗಿತ್ತು. 27 ವರ್ಷ ಜೈಲಿನಲ್ಲಿದ್ದವರು ಆ ಗುರುತನ್ನೇ ತಮ್ಮ ಎದೆಗೆ ಹಾಕಿಕೊಂಡರು. ಆ ತಂಡದಲ್ಲಿದ್ದ ಬಿಳಿಯನಲ್ಲದ ಆಟಗಾರ ಒಬ್ಬನೇ, ಚೆಸ್ಟರ್ ವಿಲಿಯಮ್ಸ್. 2019ರಲ್ಲಿ ಅದೇ ಕಪ್ಪನ್ನು ಎತ್ತಿದ ನಾಯಕ ಸಿಯಾ ಕೊಲಿಸಿ ಕಪ್ಪು ವರ್ಣದವರು.

ಬಾವುಟದ ಕೆಳಗೆ ತಲೆ ತಗ್ಗಿಸಿದವನು

ಇದೇ ವಿಷಯಕ್ಕೆ ಅನ್ಯಾಯ ಉಂಡವರ ಕಡೆಯ ಮುಖವೂ ಇದೆ. 1936ರ ಬರ್ಲಿನ್ ಒಲಿಂಪಿಕ್ಸ್‌ನಲ್ಲಿ ಮ್ಯಾರಥಾನ್ ಗೆದ್ದ ಸೋನ್ ಕೀ ಚುಂಗ್ ಕೊರಿಯಾದವರು. ಕೊರಿಯಾ ಆಗ ಜಪಾನಿನ ವಶದಲ್ಲಿತ್ತು. ಹಾಗಾಗಿ ಅವರು ಜಪಾನೀ ಉಚ್ಚಾರದ ಹೆಸರಿನಲ್ಲಿ, ಜಪಾನಿನ ಬಾವುಟ ಹೊತ್ತ ಅಂಗಿಯಲ್ಲಿ ಓಡಬೇಕಾಯಿತು. ಚಿನ್ನ ಗೆದ್ದು ವೇದಿಕೆಯ ಮೇಲೆ ನಿಂತಾಗ ತಲೆ ತಗ್ಗಿಸಿದರು, ಬಹುಮಾನವಾಗಿ ಬಂದ ಓಕ್ ಸಸಿಯಿಂದ ಎದೆಯ ಮೇಲಿನ ಬಾವುಟವನ್ನು ಮರೆಮಾಡಿದರು. ಕೊರಿಯಾದ ಪತ್ರಿಕೆಯೊಂದು ಆ ಚಿತ್ರದಿಂದ ಬಾವುಟವನ್ನು ಅಳಿಸಿ ಪ್ರಕಟಿಸಿದ್ದಕ್ಕೆ ತಿಂಗಳುಗಟ್ಟಲೆ ಮುಚ್ಚಬೇಕಾಯಿತು. 1988ರಲ್ಲಿ ಸೋಲ್ ಒಲಿಂಪಿಕ್ಸ್‌ನ ಜ್ಯೋತಿ ಹಿಡಿದು ಕ್ರೀಡಾಂಗಣದೊಳಗೆ ಓಡಿ ಬಂದವರು ಅವರೇ. ಆಗ ಅವರಿಗೆ 76ರ ಆಸುಪಾಸು.

ಬ್ರಿಟನ್ನಿನೊಂದಿಗೆ ನಮ್ಮ ಲೆಕ್ಕವೂ ಹೀಗೆಯೇ. 1876ರಿಂದ 1878ರವರೆಗಿನ ಧಾತು–ಈಶ್ವರ ಸಂವತ್ಸರಗಳ ಬರದಲ್ಲಿ ಮದ್ರಾಸ್ ಪ್ರಾಂತ್ಯದ ಬಳ್ಳಾರಿ ಜಿಲ್ಲೆ ಅತಿ ಹೆಚ್ಚು ನಲುಗಿದ ಜಿಲ್ಲೆಗಳಲ್ಲೊಂದು. ಖರ್ಚು ತಗ್ಗಿಸಲು ಬಂದ ಅಧಿಕಾರಿ ರಿಚರ್ಡ್ ಟೆಂಪಲ್ ಪರಿಹಾರ ಕಾಮಗಾರಿಯ ಕೂಲಿಯನ್ನು ದಿನಕ್ಕೆ ಒಂದಾಣೆ ಮತ್ತು ಒಂದು ಪೌಂಡ್ ಧಾನ್ಯಕ್ಕೆ, ಅಂದರೆ ಅರ್ಧ ಕಿಲೋಗೂ ಕಡಿಮೆ ಧಾನ್ಯಕ್ಕೆ ಇಳಿಸಿದ. ಅದೇ ವರ್ಷಗಳಲ್ಲಿ ಭಾರತದಿಂದ ಧಾನ್ಯದ ರಫ್ತು ನಿಲ್ಲಲಿಲ್ಲ. ಜಲಿಯನ್‌ವಾಲಾ ಬಾಗ್‌ನ ಹತ್ಯಾಕಾಂಡಕ್ಕೆ 2019ರಲ್ಲಿ, ನೂರನೇ ವರ್ಷದಲ್ಲಿ, ಪ್ರಧಾನಿ ತೆರೆಸಾ ಮೇ ವಿಷಾದ ವ್ಯಕ್ತಪಡಿಸಿದರು, ಕ್ಷಮೆ ಕೇಳಲಿಲ್ಲ. ವಿಷಾದಕ್ಕೂ ಕ್ಷಮೆಗೂ ಅಂತರವಿದೆ. ಹೀಗಾಗಬಾರದಿತ್ತು ಎನ್ನುವುದು ವಿಷಾದ. ನಾವು ಮಾಡಿದೆವು, ನಿಮ್ಮ ಮುಂದೆ ಒಪ್ಪಿಕೊಳ್ಳುತ್ತೇವೆ ಎನ್ನುವುದು ಕ್ಷಮೆ ಕೇಳುವುದು. ಇಲ್ಲಿಯೂ ವ್ಯತ್ಯಾಸವೆಲ್ಲ ‘ನಾವು’ ಎಂಬ ಮಾತಿನದೇ.

ನಮ್ಮ ಪಹಣಿಯ ಬೋಜಾ

ಇಲ್ಲಿಯವರೆಗೆ ಓದಿದವರಿಗೆ ಇದೆಲ್ಲ ಬೇರೆಯವರ ಮನೆಯ ವಿಷಯ ಎನಿಸಬಹುದು. ಧಾರವಾಡದಲ್ಲಿ ಹುಟ್ಟಿದ ಪಾಲ್ವಣಕರ್ ಬಾಳೂ ಎಂಬ ಎಡಗೈ ಸ್ಪಿನ್ನರ್ 1911ರ ಇಂಗ್ಲೆಂಡ್ ಪ್ರವಾಸದಲ್ಲಿ 114 ವಿಕೆಟ್ ಉರುಳಿಸಿದರು. ಭಾರತದ ಮೊದಲ ದೊಡ್ಡ ಬೌಲರ್ ಅವರೆಂದರೆ ತಪ್ಪಾಗದು. ಅವರು ದಲಿತರು. ಪುಣೆಯಲ್ಲಿ ತಂಡದ ಮೇಲ್ಜಾತಿಯವರು ಅವರು ಎಸೆದ ಚೆಂಡನ್ನು ಮುಟ್ಟುತ್ತಿದ್ದರು. ಚಹಾದ ಹೊತ್ತಿಗೆ ಅವರಿಗೆ ಹೊರಗೆ, ಪ್ರತ್ಯೇಕ ಮಣ್ಣಿನ ಕುಡಿಕೆಯಲ್ಲಿ ಕೊಡುತ್ತಿದ್ದರು. ಆಗ ಧರ್ಮದ ಲೆಕ್ಕದಲ್ಲಿ ಕಟ್ಟುತ್ತಿದ್ದ ತಂಡಗಳಲ್ಲೊಂದಾದ ಹಿಂದೂ ತಂಡದ ನಾಯಕತ್ವ ಅವರಿಗೆ ದಕ್ಕಲೇ ಇಲ್ಲ. 1923ರಲ್ಲಿ ಅವರ ತಮ್ಮ ವಿಠ್ಠಲ ನಾಯಕರಾದರು.

ಅದು ಹಳೆಯ ಕಾಲ ಎನ್ನುವಂತಿಲ್ಲ. 2021ರ ಆಗಸ್ಟ್ 4ರಂದು ಟೋಕಿಯೊದಲ್ಲಿ ಭಾರತದ ಮಹಿಳಾ ಹಾಕಿ ತಂಡ ಸೆಮಿಫೈನಲ್‌ನಲ್ಲಿ ಅರ್ಜೆಂಟೀನಾಕ್ಕೆ ಸೋತಿತು. ಅದೇ ಕೂಟದಲ್ಲಿ ಹ್ಯಾಟ್ರಿಕ್ ಗೋಲು ಹೊಡೆದಿದ್ದ ವಂದನಾ ಕಟಾರಿಯಾ ಅವರ ಹರಿದ್ವಾರದ ಬಳಿಯ ಮನೆಯ ಮುಂದೆ ಕೆಲವರು ಪಟಾಕಿ ಸಿಡಿಸಿ ಜಾತಿ ಹಿಡಿದು ನಿಂದಿಸಿದರು ಎಂದು ಕುಟುಂಬ ದೂರು ಕೊಟ್ಟಿತು, ಪೊಲೀಸರು ಆರೋಪಿಗಳನ್ನು ಬಂಧಿಸಿದರು. ಗೆದ್ದಾಗ ‘ನಾವು’, ಸೋತಾಗ ‘ಅವರು’ ಎಂಬ ಆ ಅಧ್ಯಯನದ ಮಾತು ಇಲ್ಲಿ ಎಷ್ಟು ಕ್ರೂರವಾಗಿ ನಿಜವಾಯಿತು ನೋಡಿ.

ಇನ್ನೂ ಹತ್ತಿರ ಬರೋಣ. ಗಂಗಾವತಿ ತಾಲ್ಲೂಕಿನ ಮರಕುಂಬಿಯಲ್ಲಿ 2014ರ ಆಗಸ್ಟಿನಲ್ಲಿ ದಲಿತರ ಗುಡಿಸಲುಗಳಿಗೆ ಬೆಂಕಿ ಬಿತ್ತು. ಕ್ಷೌರದಂಗಡಿಗೂ ಹೋಟೆಲಿಗೂ ದಲಿತರನ್ನು ಬಿಟ್ಟುಕೊಳ್ಳದ ವಿವಾದ ಅದರ ಹಿಂದಿತ್ತು. 2024ರ ಅಕ್ಟೋಬರಿನಲ್ಲಿ ಕೊಪ್ಪಳದ ನ್ಯಾಯಾಲಯ 98 ಜನರಿಗೆ ಜೀವಾವಧಿ ಶಿಕ್ಷೆ ವಿಧಿಸಿತು. ಪ್ರಕರಣ ಆಮೇಲೆ ಹೈಕೋರ್ಟ್ ಮೆಟ್ಟಿಲೇರಿತು. ರಾಯಚೂರು, ಕೊಪ್ಪಳಗಳಲ್ಲಿ ಪ್ರತಿವರ್ಷ ಸೆಪ್ಟೆಂಬರ್ 17ರಂದು ನಿಜಾಮನ ಆಳ್ವಿಕೆಯಿಂದ ಬಿಡುಗಡೆಯಾದ ದಿನವೆಂದು ಧ್ವಜ ಹಾರಿಸುತ್ತೇವೆ. ರಜಾಕಾರರ ಹಿಂಸೆಯನ್ನು ನೆನೆಯುತ್ತೇವೆ, ನೆನೆಯಲೇಬೇಕು. ಅದೇ 1948ರಲ್ಲಿ ಸೇನಾ ಕಾರ್ಯಾಚರಣೆಯ ಬೆನ್ನಿಗೆ ಹೈದರಾಬಾದ್ ಸಂಸ್ಥಾನದಲ್ಲಿ ಸಾವಿರಾರು ಮುಸ್ಲಿಮರು ಕೊಲೆಯಾದರು. ಭಾರತ ಸರ್ಕಾರವೇ ಕಳಿಸಿದ ಸುಂದರಲಾಲ್ ಸಮಿತಿ ಆ ಸಂಖ್ಯೆಯನ್ನು 27,000ದಿಂದ 40,000 ಎಂದು ಅಂದಾಜಿಸಿತು. ಆ ವರದಿ ದಶಕಗಳ ಕಾಲ ಜನರ ಕೈಗೆ ಸಿಗಲಿಲ್ಲ. ಒಂದೇ ನೆಲದ ಜನ ಒಂದೇ ವರ್ಷದಲ್ಲಿ ಅನ್ಯಾಯ ಉಂಡವರೂ ಆಗಿರಬಹುದು, ಅನ್ಯಾಯ ಮಾಡಿದವರೂ ಆಗಿರಬಹುದು.

ಇದು ದೇಶವನ್ನು ಹಳಿಯುವುದೇ?

ಬಹಳ ಜನರ ಪ್ರಾಮಾಣಿಕ ಆಕ್ಷೇಪ ಇದು: ಆಟ ನೋಡಲು ಕುಳಿತವನಿಗೆ ಹಳೆಯ ಗಾಯ ಕೆದಕುವುದೇಕೆ? ಉತ್ತರ ಸರಳವಿದೆ. ನಾಚಿಕೆಯೂ ಹೆಮ್ಮೆಯೂ ಒಂದೇ ಖಾತೆಯ ಎರಡು ಕಾಲಂಗಳು. ಒಂದನ್ನು ಮಾತ್ರ ಓದಿದರೆ ಪಹಣಿ ಓದಿದಂತಲ್ಲ. ಹಾಗೆಂದು ದಿನವಿಡೀ 11ನೇ ಕಾಲಂ ಒಂದನ್ನೇ ಓದುತ್ತ ಕುಳಿತು ಹೊಲ ಪಾಳು ಬಿಟ್ಟರೂ ಸಾಲ ತೀರುವುದಿಲ್ಲ. ಎರಡನೆಯ ಆಕ್ಷೇಪ ಹೆಚ್ಚು ಗಟ್ಟಿಯಾದದ್ದು: ಬೂಟು ಬಿಡುವುದು, ಜನಾಂಗಭೇದವನ್ನು ವಿರೋಧಿಸಿ ಮೈದಾನದಲ್ಲಿ ಮೊಣಕಾಲೂರುವುದು ಬರೀ ತೋರಿಕೆಯಾಗಿಬಿಡುತ್ತದೆ, ನೆಲ ಕಳೆದುಕೊಂಡವರಿಗೆ ನೆಲ ಸಿಗುವುದಿಲ್ಲ. ಇದನ್ನು ಮೂಲ ನಿವಾಸಿಗಳಲ್ಲಿ ಕೆಲವರೂ ಹೇಳುತ್ತಾರೆ. ಆಚರಣೆಯ ನಂತರ ಏನು ನಡೆಯಿತು ಎಂದು ನೋಡಿಯೇ ಅದರ ಬೆಲೆ ಕಟ್ಟಬೇಕು.

ಬಂಡೆಯ ಮೇಲಿನ ಪಶ್ಚಾತ್ತಾಪ

ಆಳುವವನೊಬ್ಬ ತನ್ನ ಕೃತ್ಯಕ್ಕೆ ತಾನೇ ನಾಚಿ, ಅದನ್ನು ಎಲ್ಲರೂ ಓದುವಂತೆ ಕೆತ್ತಿಸಿದ ಜಗತ್ತಿನ ಅತಿ ಹಳೆಯ ಉದಾಹರಣೆಗಳಲ್ಲೊಂದು ಅಶೋಕನದು. ಅವನ ಶಾಸನಗಳು ನಮ್ಮ ಮೂರೂ ಜಿಲ್ಲೆಗಳಲ್ಲಿವೆ: ರಾಯಚೂರಿನ ಮಸ್ಕಿ, ಕೊಪ್ಪಳದ ಗವಿಮಠ ಮತ್ತು ಪಾಲ್ಕಿಗುಂಡು, ಬಳ್ಳಾರಿಯ ನಿಟ್ಟೂರು ಮತ್ತು ಉಡೇಗೋಳ. ಶಾಸನಗಳಲ್ಲಿ ರಾಜನಿಗಿರುವ ‘ದೇವಾನಾಂಪ್ರಿಯ’ ಎಂಬ ಬಿರುದು ಅಶೋಕನದೇ ಎಂದು ಖಚಿತವಾದದ್ದು 1915ರಲ್ಲಿ ಮಸ್ಕಿಯ ಬಂಡೆ ಬೆಳಕಿಗೆ ಬಂದ ಮೇಲೆ.

ಈಗ ದೊಡ್ಡವನಾಗಿರುವ ಅಣ್ಣನ ಮಗನನ್ನು ಗವಿಮಠದ ಬಂಡೆಯ ಬಳಿಗೆ ಕರೆದುಕೊಂಡು ಹೋಗಿದ್ದೆ. ಕಳಿಂಗ ಯುದ್ಧದ ಮಾತು ಇದರಲ್ಲಿ ಎಲ್ಲಿದೆ ಎಂದು ಕೇಳಿದ. ಇದರಲ್ಲಿ ಇಲ್ಲ, ಅದು 13ನೇ ಬಂಡೆ ಶಾಸನ. ಬಳ್ಳಾರಿಯಾಚೆ ಕರ್ನೂಲು ಜಿಲ್ಲೆಯ ಯರ್ರಗುಡಿಯಲ್ಲಿದೆ ಎಂದೆ. ಒಂದು ಲಕ್ಷ ಜನ ಹತರಾದರು, ಒಂದೂವರೆ ಲಕ್ಷ ಜನರನ್ನು ಸೆರೆಹಿಡಿದು ಒಯ್ಯಲಾಯಿತು, ಅದರ ಹಲವು ಪಟ್ಟು ಜನ ಸತ್ತರು, ಅದಕ್ಕಾಗಿ ದೇವಾನಾಂಪ್ರಿಯನಿಗೆ ದುಃಖವಿದೆ ಎಂದು ಅದರಲ್ಲಿದೆ.

“ಹಾಗಾದರೆ ಕಳಿಂಗದಲ್ಲಿ ಇದನ್ನು ಎಷ್ಟು ದೊಡ್ಡದಾಗಿ ಕೆತ್ತಿಸಿರಬೇಕು!” ಎಂದ.

ಕಳಿಂಗದಲ್ಲಿ ಅದು ಇಲ್ಲವೇ ಇಲ್ಲ. ಒಡಿಶಾದ ಧೌಲಿ ಮತ್ತು ಜೌಗಡದ ಬಂಡೆಗಳಲ್ಲಿ ಬೇರೆ ಶಾಸನಗಳ ಸಾಲಿನಿಂದ 13ನೆಯದನ್ನು ಕೈಬಿಟ್ಟಿದ್ದಾರೆ. ಅದರ ಬದಲು ಅಲ್ಲಿ ಬೇರೆ ಎರಡು ಶಾಸನಗಳಿವೆ. ಅವು ದುಃಖ ತೋಡಿಕೊಳ್ಳುವುದಿಲ್ಲ. ಎಲ್ಲ ಜನರೂ ನನ್ನ ಮಕ್ಕಳು ಎಂದು ಹೇಳಿ, ಅಲ್ಲಿನ ಅಧಿಕಾರಿಗಳಿಗೆ ಆಜ್ಞೆ ಮಾಡುತ್ತವೆ: ಕಾರಣವಿಲ್ಲದೆ ಯಾರನ್ನೂ ಸೆರೆಯಲ್ಲಿಡಬೇಡಿ, ಯಾರನ್ನೂ ಹಿಂಸಿಸಬೇಡಿ. ಆಜ್ಞೆ ಮರೆತುಹೋಗದಂತೆ ಅದನ್ನು ಗೊತ್ತಾದ ದಿನಗಳಂದು ಗಟ್ಟಿಯಾಗಿ ಓದಬೇಕು, ಕೇಳುವವನು ಒಬ್ಬನೇ ಇದ್ದರೂ ಓದಬೇಕು ಎಂದು ಕೊನೆಯಲ್ಲಿ ಬರೆಸಿದ್ದಾನೆ.